‘ಇನ್ನೂ ತಯಾರಾಗಿಲ್ಲ’ ಎಂದವರನ್ನೇ ಪರೀಕ್ಷಿಸಿದ ನರ್ಸ್ ಕಾಂಚನಾ

ಇಂಗ್ಲಿಷ್ ಪರೀಕ್ಷೆಯ ಶುಲ್ಕಕ್ಕೆ ಒಂದು ತಿಂಗಳ ಪಗಾರ ಸಾಲುವುದಿಲ್ಲ. ಘೋಡಬಂದರ್ ರಸ್ತೆಯ ಕ್ಲಾಸಿಗೆ ಸೇರಿದರೆ ಮೂರು ತಿಂಗಳ ಪಗಾರ ಹೋಗುತ್ತದೆ. ಠಾಣೆ ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಪುಸ್ತಕಕ್ಕೆ ಚೌಕಾಸಿ ಮಾಡಿ ಕೊಟ್ಟದ್ದು ನೂರಿಪ್ಪತ್ತು ರೂಪಾಯಿ. ಖಾರಘರದ ಹದಿನಾಲ್ಕನೇ ಮಹಡಿಯಲ್ಲಿ ಅಜ್ಜಾರು ಹೇಳಿಕೊಡುವ ಪಾಠ ಮಾತ್ರ ಪುಕ್ಕಟೆ. ಆ ಪುಕ್ಕಟೆಯ ಮೇಲೆಯೇ ಕಾಂಚನಾ ಅವರಿಗೆ ಮೊದಲಿನಿಂದ ಗುಮಾನಿ.

“ಯಾರೂ ಸುಮ್ಮಸುಮ್ನ ಏನೂ ಕೊಡಂಗಿಲ್ರಿ. ಕೊಟ್ರಂದ್ರ ತಗೊಳ್ಳೋದು ಏನೋ ಇರ್ತೈತಿ.”

ಬೆಳಗಿನ ಜಾವ. ಕಲ್ಯಾಣದಿಂದ ಬಂದ ಕಾಂಚನಾ ಠಾಣೆಯಲ್ಲಿ ಇಳಿದು, ಪನವೇಲ್ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಬಾಗಿಲ ಪಕ್ಕ ಒರಗಿ ನಿಲ್ಲುತ್ತಾರೆ. ಚೀಲವನ್ನು ಎದೆಗೆ ಅವಚಿ ಹಿಡಿದಿದ್ದಾರೆ. ತುಟಿ ಅಲ್ಲಾಡುತ್ತಲೇ ಇದೆ. ಇರಿಯುವ ನೋವು, ಸಿಡಿಯುವ ನೋವು, ಉರಿಯುವ ನೋವು, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರು. ರೋಗಿ ಬಿದ್ದ, ಬಿದ್ದಿದ್ದಾನೆ, ಬಿದ್ದಿದ್ದ: ಮೂರಕ್ಕೂ ಬೇರೆ ಬೇರೆ ರೂಪ. ರಬಾಳೆಯಲ್ಲಿ ಕಾರ್ಖಾನೆಗೆ ಹೋಗುವ ಹೆಂಗಸರು ಇಳಿದ ಮೇಲೆ ಕೂರಲು ಜಾಗ ಸಿಗುತ್ತದೆ. ಎದುರಿಗೆ ಕೂರುವ ಅಜ್ಜಿಯೊಬ್ಬಳು ಎಷ್ಟೋ ದಿನ ಇದನ್ನು ದೇವರ ಸ್ತೋತ್ರವೆಂದು ತಿಳಿದು, ತಾನೂ ಕೈಮುಗಿಯುತ್ತಿದ್ದಳಂತೆ.

ಕಾಂಚನಾ ಅವರಿಗೆ ಮೂವತ್ನಾಲ್ಕು. ತಂದೆ ವಿರುಪಾಕ್ಷಪ್ಪ ಬಾಗಲಕೋಟೆ ಕಡೆಯಿಂದ ಬಂದು ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರ ಮಾಡಿದವರು, ಈಗಿಲ್ಲ. ತಾಯಿ ಬಸವಣ್ಣೆವ್ವ ಜೊತೆಗಿದ್ದಾರೆ. ಓದಿದ್ದು ನರ್ಸಿಂಗ್, ಮಾಡುತ್ತಿರುವುದು ನರ್ಸುಗಳನ್ನು ಒದಗಿಸುವ ಬ್ಯೂರೋ ಮೂಲಕ ಮನೆಮನೆಯಲ್ಲಿ ರೋಗಿ ನೋಡಿಕೊಳ್ಳುವ ಕೆಲಸ. ಹಿಂದೊಂದು ಬ್ಯೂರೋದವರು ‘ವೆರಿಫಿಕೇಶನ್’ ಎಂದು ಅಸಲಿ ಸರ್ಟಿಫಿಕೇಟ್ ಇಸಿದುಕೊಂಡು ಎಂಟು ತಿಂಗಳು ಸತಾಯಿಸಿದರು. ಆಮೇಲೆ ಕಾಂಚನಾ ಯಾರನ್ನೂ ಪೂರ್ತಿ ನಂಬಿಲ್ಲ. ಮಾತ್ರೆಯ ಪಟ್ಟಿ ಕೈಗೆ ಬಂದರೆ ತಾರೀಖು ನೋಡುತ್ತಾರೆ, ರಾತ್ರಿ ಪಾಳಿಯವಳು ‘ಬಿಪಿ ಬರೋಬ್ಬರ್ ಇದೆ’ ಎಂದು ಹೇಳಿ ಹೋದರೂ ಮತ್ತೆ ಅಳೆಯುತ್ತಾರೆ.

ಹೊರದೇಶದ ಆಸ್ಪತ್ರೆಗೆ ಸೇರಲು ನರ್ಸುಗಳಿಗೆಂದೇ ಇಂಗ್ಲಿಷ್ ಪರೀಕ್ಷೆಯೊಂದಿದೆ. ಅದರಲ್ಲಿ ರೋಗಿಯ ವಿವರ ಓದಿ, ಮುಂದೆ ನೋಡಿಕೊಳ್ಳುವವರಿಗೆ ಪತ್ರ ಬರೆಯಬೇಕು. ಕಾಂಚನಾ ಅಲ್ಲಿ ನರ್ಸ್ ಆಗಬೇಕಾದರೆ ಈ ಬಾಗಿಲು ದಾಟಲೇಬೇಕು.

ಅಜ್ಜಾರು ಎಂದರೆ ಕಾಂಚನಾ ನೋಡಿಕೊಳ್ಳುವ ರೋಗಿ ಅಶ್ವತ್ಥನಾರಾಯಣ. ಮೈಸೂರಿನವರು, ವಿಮಾ ಕಚೇರಿಯಲ್ಲಿ ಕಿರಿಯರು ಬರೆದ ಇಂಗ್ಲಿಷ್ ಪತ್ರ ತಿದ್ದಿಯೇ ನಿವೃತ್ತರಾದವರು. ಪಾರ್ಶ್ವವಾಯು ಹೊಡೆದು ಎಡಗಡೆ ಬಿದ್ದುಹೋಗಿದೆ. ಬಲಗೈ, ಕೆಂಪು ಪೆನ್ನು ಎರಡೂ ಚುರುಕಾಗಿವೆ. ಸೊಸೆ ಮಾನ್ಯಾ ಐಟಿ ಕಂಪನಿಯಲ್ಲಿದ್ದಾರೆ. ಕೋಣೆಯ ಕಪಾಟಿನ ಮೇಲೆ ಅವರು ಇಡಿಸಿರುವ ಪುಟ್ಟ ಕ್ಯಾಮೆರಾ ಹಗಲೆಲ್ಲ ಕಣ್ಣು ಬಿಟ್ಟುಕೊಂಡಿರುತ್ತದೆ.

“ದಿನಾ ಪಾಠ ನೋಡಿ ನೋಡಿ ಇಷ್ಟೊತ್ತಿಗೆ ಆ ಕ್ಯಾಮೆರಾನೂ ಪಾಸಾಗಿರಬೇಕು ನೋಡಮ್ಮ,” ಎನ್ನುತ್ತಾರೆ ಅಜ್ಜಾರು.

“ಅದಕ್ಕ ನೀವು ಕೆಂಪು ಗೆರಿ ಹೊಡಿಯಂಗಿಲ್ಲಲ್ರಿ, ಆಗೇ ಆಗಿರ್ತೈತಿ,” ಎನ್ನುತ್ತಾರೆ ಕಾಂಚನಾ.

ನಗೆಯ ಮಾತು ನಗೆಯಾಗಿ ಉಳಿಯಲಿಲ್ಲ. ದಿನಾ ಒಂದು ಪತ್ರ, ದಿನಾ ಕೆಂಪು, ಕೊನೆಗೆ ಒಂದೇ ತೀರ್ಪು: ‘ಇನ್ನೂ ತಯಾರಾಗಿಲ್ಲ, ಮುಂದಿನ ಸಲ ಕಟ್ಟು.’ ಮುಂದಿನ ಸಲ ಬಂದಾಗಲೂ ಅದೇ ಮಾತು. ಒಂದು ರವಿವಾರ ಕಾಂಚನಾ ಘೋಡಬಂದರ್ ರಸ್ತೆಯ ಕ್ಲಾಸಿಗೆ ಹೋಗಿ ಪುಕ್ಕಟೆ ಟ್ರಯಲ್ ಪರೀಕ್ಷೆ ಬರೆದರು. ಅಲ್ಲಿನ ಹುಡುಗಿ ಹಾಳೆಯ ಮೇಲೆ ಕಣ್ಣಾಡಿಸಿ, “ತಯಾರಾಗಿಲ್ಲ ಮೇಡಂ, ನಮ್ಮ ಪೂರಾ ಪ್ಯಾಕೇಜ್ ತಗೊಳ್ಳಿ,” ಎಂದಳು. ಮನೆಗೆ ಮರಳುವ ದಾರಿಯುದ್ದಕ್ಕೂ ಒಂದೇ ಯೋಚನೆ. ತಯಾರಾಗಿಲ್ಲ ಎಂದರೆ ಕ್ಲಾಸಿನವರಿಗೆ ಗಿರಾಕಿ ಸಿಗುತ್ತದೆ. ಹಾಗಾದರೆ ಅಜ್ಜಾರಿಗೆ ಏನು ಸಿಗುತ್ತದೆ?

ಕಾಂಚನಾ ಫುಟ್‌ಪಾತಿನ ಪುಸ್ತಕ ತೆರೆದರು. ಅದರ ಕೊನೆಯಲ್ಲಿ ಪೂರ್ತಿ ಅಂಕ ಪಡೆದ ಮಾದರಿ ಪತ್ರಗಳಿವೆ. ಒಂದನ್ನು ತಮ್ಮ ಅಕ್ಷರದಲ್ಲಿ, ತಮ್ಮದೇ ಎಂಬಂತೆ ಬರೆದುಕೊಂಡು ಹೋಗಿ ಅಜ್ಜಾರ ಮುಂದಿಟ್ಟರು. ಅಜ್ಜಾರು ಓದಿದರು. ಪೆನ್ನು ಓಡಿತು. ಹಾಳೆ ಎಂದಿನಂತೆ ಕೆಂಪಾಯಿತು, ಎಂದಿನ ತೀರ್ಪೂ ಬಂತು.

ಕಾಂಚನಾ ಚೀಲದಿಂದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟರು. “ಅಜ್ಜಾರ, ಇದು ನಾ ಬರದದ್ದಲ್ರಿ. ಇದರಾಗಿಂದು. ಪೂರಾ ಮಾರ್ಕ್ಸ್ ಕೊಟ್ಟಾರ ನೋಡ್ರಿ.”

ಅಜ್ಜಾರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಪುಸ್ತಕದವರೂ ತಪ್ಪು ಮಾಡ್ತಾರಮ್ಮ.”

“ಸಾಲಿಗೊಂದು ತಪ್ಪು ಮಾಡ್ತಾರೇನ್ರಿ?”

ಅಜ್ಜಾರು ಪೆನ್ನು ಕೆಳಗಿಟ್ಟರು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದರು: “ನೀನು ಪಾಸಾದರೆ ಹೊರಟುಹೋಗ್ತೀಯ. ಬೇರೆಯವಳು ಬಂದರೆ ಮೊದಲನೇ ದಿನವೇ ನನಗೆ ಡೈಪರ್ ಕಟ್ಟಿ ಕೂರಿಸ್ತಾಳೆ. ಹಿಂದಿನವರೆಲ್ಲ ಹಾಗೇ ಮಾಡಿದ್ದು. ಎತ್ತಿ ನಿಲ್ಲಿಸಿ ಬಚ್ಚಲಿಗೆ ನಡೆಸಿಕೊಂಡು ಹೋದವಳು ನೀನೊಬ್ಬಳೇ.”

ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಅಶ್ವತ್ಥನಾರಾಯಣ ಅಡ್ಡಿ ಮಾಡಲಿಲ್ಲ. “ಬರೀರಿ. ಹೆಸರೂ ಹಾಕಿ. ಮಾಡಿದ್ದು ನಾನೇ ತಾನೆ?”

ಕಾಂಚನಾ ಅವರಿಗೆ ಆ ದಿನ ಹೇಗನ್ನಿಸಿತು? “ಸಿಟ್ಟೂ ಬಂತು, ಅಯ್ಯೋ ಅಂತನೂ ಅನಿಸ್ತು. ಸಿಟ್ಟ ಜಾಸ್ತಿ. ಆದ್ರ ಅಷ್ಟೊತ್ತಿಗೆ ಅವರಿಗೆ ಬಚ್ಚಲಿಗೆ ಹೋಗೋ ಟೈಮ್ ಆಗಿತ್ತು. ಎಬ್ಬಿಸಿ ಕರಕೊಂಡು ಹೋದೆ.” ಅದೇ ಮಧ್ಯಾಹ್ನ ಫೋನಿನಲ್ಲೇ ಪರೀಕ್ಷೆಗೆ ಹೆಸರು ನೋಂದಾಯಿಸಿದರು. ಕ್ಯಾಮೆರಾದಲ್ಲಿ ಎಲ್ಲವನ್ನೂ ಕಂಡಿದ್ದ ಮಾನ್ಯಾ ಸಂಜೆ ಬಂದು, “ಕೆಲಸ ಬಿಡ್ತೀಯಾ?” ಎಂದಷ್ಟೇ ಕೇಳಿದರು. “ಪಾಸಾದ್ರ ಬಿಡ್ತೀನ್ರಿ. ಮುಚ್ಚಿಡೂದು ಏನೈತಿ?”

ಪಾಠ ನಿಲ್ಲಲಿಲ್ಲ. ಬೇರೆಲ್ಲಿ ಕಲಿಯಲಿಕ್ಕೂ ಅನುಕೂಲವಿರಲಿಲ್ಲ. ಕರಾರು ಮಾತ್ರ ಬದಲಾಯಿತು: “ತಪ್ಪು ನೀವು ತೋರಸ್ರಿ, ಯಾಕ ತಪ್ಪಂತ ಪುಸ್ತಕದಾಗ ಬೆರಳಿಟ್ಟು ತೋರಸ್ರಿ. ತಯಾರ್ ಆಗೀನೋ ಇಲ್ಲೋ ನಾ ಹೇಳ್ತೀನಿ.” ಅಜ್ಜಾರು ಒಪ್ಪಿದರು. ಬೆರಳಿಟ್ಟು ತೋರಿಸಬೇಕೆಂದಾಗ ಕೆಂಪು ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದು ನಿಜವಾದ ತಪ್ಪು, ಅದನ್ನು ತಿದ್ದಿಕೊಂಡರು. ಪ್ರತಿ ತಿದ್ದುಪಡಿಯನ್ನೂ ರಾತ್ರಿ ಪಾಳಿಯವಳ ಬಿಪಿ ಲೆಕ್ಕದಂತೆಯೇ ಮತ್ತೊಮ್ಮೆ ಅಳೆದರು.

ಕಳೆದ ತಿಂಗಳು ಫಲಿತಾಂಶ ಬಂತು. ಓದು, ಬರಹ, ಮಾತು, ಆಲಿಸುವುದು, ನಾಲ್ಕೂ ವಿಭಾಗದಲ್ಲಿ ಬೇಕಾದಷ್ಟು ಅಂಕ. ಮಾನ್ಯಾ ಪೇಢೆ ತಂದರು. ಅಜ್ಜಾರು ಬಲಗೈ ಮುಂದೆ ಚಾಚಿ, “ಕೈ ಕೊಡಮ್ಮ,” ಎಂದರು, ಕಾಂಚನಾ ಕೊಟ್ಟರು. ಈಗ ಕಾಗದಪತ್ರ ಮುಗಿಯುವ ತನಕ ಇಲ್ಲಿಯೇ ಕೆಲಸ. ಜೊತೆಗೆ, ಮುಂದೆ ಬರಲಿರುವ ಹೆಂಗಸಿಗೆ ಬೆಳಿಗ್ಗೆ ಬೆಳಿಗ್ಗೆ ತರಬೇತಿ: ಅಜ್ಜಾರ ಎಡಗಾಲಿಗೆ ತನ್ನ ಕಾಲಿನ ಒತ್ತು ಕೊಟ್ಟು, ಸೊಂಟ ಹಿಡಿದು, ಒಂದೇ ಏಟಿಗೆ ಎಬ್ಬಿಸುವುದು ಹೇಗೆಂದು.

ಹೊರದೇಶಕ್ಕೆ ಕಳಿಸುವ ಏಜೆಂಟರನ್ನು ಅವರು ಇನ್ನೂ ನಂಬಿಲ್ಲ, ಅಸಲಿ ಕಾಗದ ಯಾರ ಕೈಗೂ ಕೊಟ್ಟಿಲ್ಲ. ಏನು ಆಸೆ ಎಂದು ಕೇಳಿದರೆ, “ಅಲ್ಲೆ ಎದಿ ಮ್ಯಾಲ ನರ್ಸ್ ಅಂತ ಬರದು ಹೆಸರು ಹಾಕ್ತಾರಂತಲ್ರಿ, ಅಷ್ಟು ಸಾಕು,” ಎನ್ನುತ್ತಾರೆ.

ಅಜ್ಜಾರನ್ನು ಕ್ಷಮಿಸಿದ್ದೀರಾ ಎಂದರೆ ಹೀಗೆನ್ನುತ್ತಾರೆ: “ಇಂಗ್ಲಿಷ್ ಅವರಽ ಕಲಿಸಿದ್ದು, ಇಲ್ಲನ್ನಂಗಿಲ್ರಿ. ಆದ್ರ ನನ್ನ ಒಂದು ವರ್ಷ ಹೋತು, ಅವರ ಮ್ಯಾಲಿನ ನಂಬಿಕಿನೂ ಹೋತು. ಪರೀಕ್ಷಾ ಪಾಸಾತು.”