ಗಾಣದ ಪಾಲಯ್ಯನ ಬಾತುಗಳು

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಗೆ ಬೆಳಕು ಹರಿಯುವ ಹೊತ್ತಿಗೆ ಒಂದು ಜಟಕಾ ಬರುತ್ತಿತ್ತು. ಕುದುರೆಯ ಕೊರಳ ಗೆಜ್ಜೆ ಝಲ್ ಝಲ್ ಎನ್ನುತ್ತ ಹತ್ತಿರವಾಗಿ, ಹಾಲಿನ ಅಂಗಡಿಯ ಮುಂದೆ ನಿಂತುಬಿಡುತ್ತಿತ್ತು. ಸದ್ದು ನಿಂತ ಕೂಡಲೇ ಚಾಪೆಯ ಮೇಲೆ ಮಲಗಿದ್ದ ಪಾಲಯ್ಯನ ಬಾಯಿಂದ "ಹೈ, ನಡಿ" ಎಂಬ ಕೂಗು ಹೊರಡುತ್ತಿತ್ತು. ಕಣ್ಣುಗಳು ಮಾತ್ರ ಮುಚ್ಚಿಯೇ ಇರುತ್ತಿದ್ದವು.

"ಎದ್ದಾಗ ಮಾತಿಲ್ಲ ಕತಿಯಿಲ್ಲ, ಮಲಗಿದ್ರ ಮಂದಿ ಕುದುರಿನೆಲ್ಲ ಹೊಡಿತಾನ" ಎಂದು ಹೆಂಡತಿ ಗಂಗಕ್ಕ ಒಲೆ ಊದುತ್ತ ನಗುತ್ತಿದ್ದಳು. ಪಾಲಯ್ಯ ಅದನ್ನು ನಂಬುತ್ತಿರಲಿಲ್ಲ.

ಅವನದು ಕುರುಗೋಡು. ಮನೆಯವರದು ಎತ್ತಿನ ಗಾಣ. ಊರವರು ಶೇಂಗಾ, ಕುಸುಬೆ ತಂದರೆ ಎಣ್ಣೆ ಬೇರೆ, ಹಿಂಡಿ ಬೇರೆ ಮಾಡಿ ಕೊಡುವ ಕೆಲಸ. ಕಣ್ಣಿಗೆ ಪಟ್ಟಿ ಕಟ್ಟಿದ ಎತ್ತು ದಿನವಿಡೀ ಬಲಕ್ಕೆ ಸುತ್ತುತ್ತಿರುತ್ತದೆ. ಅದರ ಹಿಂದೆ ಯಾರೂ ನಡೆಯಬೇಕಿಲ್ಲ, ಕೊರಳಲ್ಲಿ ಗೆಜ್ಜೆಸರ ಇದ್ದರೆ ಸಾಕು. ಗಾಣದವನು ಗೋಡೆಗೆ ಒರಗಿ ತೂಕಡಿಸಬಹುದು. ಗೆಜ್ಜೆ ನಿಂತರೆ ಎತ್ತು ನಿಂತಿತು. ಒಂದು ಕೂಗು ಹಾಕಿದರೆ ಮತ್ತೆ ನಡೆಯುತ್ತದೆ. ಪಾಲಯ್ಯ ಇಪ್ಪತ್ತು ವರ್ಷ ಹೀಗೆ ಕಿವಿ ತೆರೆದೇ ನಿದ್ದೆ ಮಾಡಿದವನು.

ಎಪ್ಪತ್ತಾರರಲ್ಲಿ ಊರಿಗೆ ಕರೆಂಟಿನ ಗಿರಣಿ ಬಂತು, ಗಾಣ ನಿಂತಿತು. ಎತ್ತು ಬಸ್ಯಾ ಮಾತ್ರ ನಿಲ್ಲಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿ, ಗೆಜ್ಜೆಸರ ಕೊರಳಲ್ಲೇ ಬಿಟ್ಟು, ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದರೆ ಮರವನ್ನೇ ಸುತ್ತಿತು. ಸುತ್ತಿದಷ್ಟೂ ಹಗ್ಗ ಕಾಂಡಕ್ಕೆ ಬಿಗಿದು ಮೋಟಾಗುತ್ತಿತ್ತು. ಪಾಲಯ್ಯ ಹೋಗಿ ಬಿಡಿಸಿ ಬರುತ್ತಿದ್ದ. ಒಂದು ಮಧ್ಯಾಹ್ನ ಅವನು ಉಂಡು, ಮಲಗಿ, ಎದ್ದು ಬರುವಷ್ಟರಲ್ಲಿ ಬಸ್ಯಾ ಕಾಂಡಕ್ಕೆ ಕತ್ತು ಬಿಗಿದುಕೊಂಡು ಸತ್ತಿತ್ತು. "ಸುತ್ತಿ ಸುತ್ತಿ ತಾನಾ ಉರ್ಲು ಹಾಕ್ಕೊಂತು" ಎಂದು ಊರಿಗೆಲ್ಲ ಹೇಳಿದ. ಗೆಜ್ಜೆಸರವನ್ನು ತೊಳೆದು ಟ್ರಂಕಿನಲ್ಲಿಟ್ಟ.

ಬಳ್ಳಾರಿಗೆ ಬಂದು ನಾಲ್ಕೈದು ವರ್ಷ ಮೂಟೆ ಹೊತ್ತ. ಆಮೇಲೆ ಊರಂಚಿನ ಒಂದು ಸಣ್ಣ ಮೃಗಾಲಯದಲ್ಲಿ ಬಾತುಕೋಳಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ದುಂಡನೆಯ ಸಿಮೆಂಟಿನ ಕೊಳ, ಸುತ್ತ ತಂತಿಬೇಲಿ, ಒಳಗೆ ಇಪ್ಪತ್ತು ಬಾತು. ಎಂಬತ್ಮೂರರ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಯಿಂದ ಇನ್ನೂ ಆರು ಬಂದವು. ಭತ್ತ ಕೊಯ್ದ ಗದ್ದೆಗಳಲ್ಲಿ ಹಿಂಡಾಗಿ ಮೇಯುತ್ತ, ಮುಂದಿನದರ ಹಿಂದೆ ಸಾಲಾಗಿ ನಡೆದು ರೂಢಿಯಾದ ಬಾತುಗಳು. ಅವುಗಳಲ್ಲಿ ದೊಡ್ಡದು ಬೇಲಿಯ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಅದನ್ನು ಕಾಯಲು ಪಾಲಯ್ಯನಿಗೆ ಗೊತ್ತಿದ್ದದ್ದು ಒಂದೇ ದಾರಿ. ಬಸ್ಯಾನ ಸರದಿಂದ ಒಂದು ಗೆಜ್ಜೆ ಬಿಚ್ಚಿ ಅದರ ಕೊರಳಿಗೆ ಕಟ್ಟಿ, ಗಾಣದ ಮುಂದೆ ಕೂತಂತೆ ಬೇಲಿಗೆ ಒರಗಿ ತೂಕಡಿಸಿದ.

ಹದಿನೈದು ದಿನಗಳಲ್ಲಿ ಇಪ್ಪತ್ತಾರೂ ಬಾತುಗಳು ನೀರು ಬಿಟ್ಟವು. ಗೆಜ್ಜೆಯದು ಮುಂದೆ, ಉಳಿದವು ಅದರ ಹಿಂದೆ, ಕೊಳದ ಅಂಚಿನಲ್ಲಿ ಬಲಕ್ಕೆ ಸುತ್ತತೊಡಗಿದವು. ಚೆಲ್ಲಿದ ಕಾಳಿನ ಮೇಲೆಯೇ ಕಾಲಿಟ್ಟು ಹೋದವು. ಹಲಗೆ ಅಡ್ಡ ಇಟ್ಟರೆ ಹಲಗೆಯನ್ನು ಬಳಸಿ ಹೋದವು. ಪಾದಗಳು ಒಡೆದು ಸಿಮೆಂಟಿನ ಮೇಲೆ ತೆಳ್ಳಗೆ ಒಂದು ಕೆಂಪು ಗೆರೆ ಮೂಡಿತು. ಮೂರು ಸತ್ತವು, ಸತ್ತವನ್ನು ದಾಟಿಕೊಂಡು ಉಳಿದವು ನಡೆದವು. ನೋಡಲು ಬಂದ ಮಕ್ಕಳು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಬೇಲಿಯಿಂದ ಹಿಂದೆ ಸರಿದರು.

"ಲೇ ಪಾಲಯ್ಯ, ಬಾತು ಸಾಕು ಅಂದ್ರ ಗಾಣಕ್ಕ ಹೂಡಿಯಲ್ಲಲೇ. ಎಣ್ಣಿ ಎಷ್ಟು ಬಂತು?" ಎಂದು ಮೃಗಾಲಯದ ಮೇಸ್ತ್ರಿ ವಿರೂಪಾಕ್ಷಪ್ಪ ಕೇಳಿದ.

ಪಾಲಯ್ಯ ನಗಲಿಲ್ಲ. "ಹೆಂಗರ ಮಾಡಿ ನಿಲ್ಲಸ್ಬೇಕ್ರಿ ಮೇಸ್ತ್ರಿ. ಇಲ್ಲಾಂದ್ರ ಎಲ್ಲಾವೂ ಬಸ್ಯಾನಂಗ ಸಾಯ್ತಾವು."

ಅಂದಿನಿಂದ ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಲಿಲ್ಲ. ಬೇಲಿಯ ಒಳಗೇ ಜಾಲಿಯ ನೆರಳಲ್ಲಿ ಕೂತು ಕಾದ. ಕಾದಷ್ಟೂ ಅವು ಹೆಚ್ಚು ನಡೆದವು.

ನಾಲ್ಕನೆಯ ದಿನ ಯಾರೋ ಭುಜ ಹಿಡಿದು ಅಲುಗಿಸಿದಾಗ ಎಚ್ಚರವಾಯಿತು. ಬುತ್ತಿ ತಂದಿದ್ದ ಗಂಗಕ್ಕ ಎದುರಿಗಿದ್ದಳು. ಗೆಜ್ಜೆ ಕೊಳದ ಆಚೆ ದಂಡೆಯಲ್ಲಿ ಝಲ್ ಝಲ್ ಎನ್ನುತ್ತಿತ್ತು.

"ಅವು ನಿಂತಿದ್ವು" ಎಂದಳು.

"ಯಾವು?"

"ಬಾತು. ಒಂದು ನೀರಿಗೆ ಕೊಕ್ಕು ಇಟ್ಟಿತ್ತು. ಅಷ್ಟರಾಗ ನೀ ಕೂಗಿದಿ."

"ನಾನಾ?"

"ಹೈ, ನಡಿ ಅಂದಿ. ಓಣ್ಯಾಗ ಕುದುರಿಗೆ ಅಂತೀಯಲ್ಲ, ಹಂಗ. ಮೂರು ಸಲ ನಿಂತ್ವು, ಮೂರು ಸಲ ಎಬ್ಬಿಸಿದಿ. ನೋಡ್ಕೊಂತ ಇಲ್ಲೇ ಕುಂತಿದ್ನಿ." ಈ ಸಲ ಅವಳು ನಗುತ್ತಿರಲಿಲ್ಲ.

ಪಾಲಯ್ಯ ಬಾತುಗಳನ್ನು ನೋಡಿದ. ಕುರುಗೋಡಿನ ಆ ಮಧ್ಯಾಹ್ನ ಏಳು ವರ್ಷಗಳ ಆಚೆಯಿಂದ ಹತ್ತಿರ ಬಂತು. ಹೊರಗೆ ಗೆಜ್ಜೆ ನಿಂತಿತ್ತು. ಹಗ್ಗ ಮುಗಿದು ಎತ್ತು ನಿಂತಿತ್ತು. ಆಮೇಲೆ ಇನ್ನೊಂದೇ ಒಂದು ಸಲ, ಗಿಡ್ಡಗೆ, ಝಲ್ ಎಂದಿತ್ತು. ಆ ಕೊನೆಯ ಸದ್ದು ಅವನಿಗೆ ನಿದ್ದೆಯಲ್ಲೂ ಕೇಳಿಸಿತ್ತು. ಗೆಜ್ಜೆ ನಿಂತದ್ದಕ್ಕೂ ಆ ಸದ್ದಿಗೂ ನಡುವೆ ಏನಾಗಿತ್ತು ಎಂಬುದು ಮಾತ್ರ ನೆನಪಿರಲಿಲ್ಲ.

"ಬಸ್ಯಾ ಸತ್ತ ದಿನ ನೀ ಮನ್ಯಾಗ ಇದ್ದಿ" ಎಂದ. "ಮಲಗಿದಾಗ ನಾ ಏನರ ಅಂದ್ನಾ?"

ಗಂಗಕ್ಕ ಬುತ್ತಿಯ ಗಂಟು ಬಿಚ್ಚಿದಳು. ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿದಳು.

"ಉಣ್ಣು" ಎಂದಳು.

ಅವನು ಉಣ್ಣಲಿಲ್ಲ. ಎದ್ದು ಹೋಗಿ ಮುಂದಿನ ಬಾತನ್ನು ಹಿಡಿದು ಗೆಜ್ಜೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೆಳಗೆ ಬಿಟ್ಟ ಬಾತು ಅಲ್ಲೇ ನಿಂತಿತು. ಹಿಂದಿನವೂ ನಿಂತವು. ಕುತ್ತಿಗೆ ಓರೆ ಮಾಡಿ ಅವನ ಬಾಯಿಯನ್ನೇ ನೋಡುತ್ತಿರುವಂತೆ ಕಂಡವು.

ಗೇಟಿನ ಬಳಿ ವಿರೂಪಾಕ್ಷಪ್ಪ ಬೀಡಿ ಸೇದುತ್ತಿದ್ದ. ಪಾಲಯ್ಯ ಅವನ ಕೈಗೆ ಬೀಗದ ಕೈ ಇಟ್ಟ.

"ಎಲ್ಲಿಗೆ ಹೊಂಟಿಲೇ? ಇನ್ನಾ ಹೊತ್ತೈತಿ."

"ನಾ ಇಲ್ಲಿ ಇರಬಾರ್ದ್ರಿ. ಬ್ಯಾರೆ ಯಾರನ್ನರ ಇಡ್ರಿ."

ನಿಂತು ಮಾತಾಡುತ್ತಿದ್ದುದರಿಂದ ಜೇಬಿನ ಗೆಜ್ಜೆ ಸುಮ್ಮನಾಗಿತ್ತು. ಆ ಮೌನದಲ್ಲಿ ಗಂಟಲಿನ ಬುಡದಿಂದ ಆ ಕೂಗೇ ಮೇಲೇಳುತ್ತಿರುವುದು ಅವನಿಗೆ ಗೊತ್ತಾಯಿತು. ಈಗ ಕಣ್ಣುಗಳು ತೆರೆದೇ ಇದ್ದವು. ತುಟಿ ಬಿಗಿಹಿಡಿದು ಒಂದು ಹೆಜ್ಜೆ ಮುಂದಿಟ್ಟ. ಝಲ್ ಎಂದಿತು. ಕೂಗು ಕೆಳಗಿಳಿಯಿತು.

"ಅವನ್ನ ಯಾರೂ ಕೂಗಬ್ಯಾಡ್ರಿ ಮೇಸ್ತ್ರಿ" ಎಂದ, ಹೆಜ್ಜೆ ನಿಲ್ಲಿಸದೆ, ಹಿಂದೆ ತಿರುಗದೆ. "ನಿಂತ್ರ ನಿಲ್ಲಾಕ ಬಿಡ್ರಿ. ಹಸಿವಾದ್ರ ಅವು ತಾವಾ..." ಎನ್ನುತ್ತ, ಗೆಜ್ಜೆ ನಿಲ್ಲದಂತೆ ರಸ್ತೆಗೆ ಇಳಿದು ನಡೆಯುತ್ತ, ನಡೆಯುತ್ತಲೇ...