ಗಂಟೆ ಕೇಳದ ಮೇಡಂ

ಮೊನ್ನೆ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಪಕ್ಕದ ಹೆಂಗಸು ಪರ್ಸಿನಿಂದ ಪುಟ್ಟ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಂ ನೆನಪಾದರು. ಅವರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಟೀ ಕುಡಿಯಲು ಪುರುಸೊತ್ತಿಲ್ಲದ ಡಾಕ್ಟರು ಅವರು. ಯಶವಂತಪುರದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ…

ಹೆಬ್ಬಾಳದ ಕಡೆಯ ನಮ್ಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆಗ ನಾನು ನರ್ಸು, ಮೇಡಂ ಮೆದುಳಿನ ಡಾಕ್ಟರು. ಲಕ್ವ ಹೊಡೆದವರಿಗೆ ಒಂದು ಇಂಜೆಕ್ಷನ್ ಇದೆ, ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ರಕ್ತದ ಹೆಪ್ಪನ್ನು ಕರಗಿಸುತ್ತದೆ. ಆದರೆ ಕೆಲವೇ ಗಂಟೆಗಳೊಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ಜೀವಕ್ಕೇ ಅಪಾಯ. ಹಾಗಾಗಿ ರೋಗಿ ಎಷ್ಟು ಗಂಟೆಯವರೆಗೆ ಚೆನ್ನಾಗಿದ್ದರು ಎಂಬುದು ಮನೆಯವರಿಂದ ತಿಳಿಯಲೇಬೇಕು. ಗಾಬರಿ ಬಿದ್ದವರಿಗೆ ಗಂಟೆ ಎಲ್ಲಿ ನೆನಪಿರುತ್ತದೆ? "ಗೊತ್ತಿಲ್ಲ ಡಾಕ್ಟ್ರೇ" ಅನ್ನುತ್ತಿದ್ದರು. ಇಂಜೆಕ್ಷನ್ ಕಪಾಟಿನಲ್ಲೇ ಉಳಿಯುತ್ತಿತ್ತು.

ಮೇಡಂ ಗಂಟೆ ಕೇಳುತ್ತಲೇ ಇರಲಿಲ್ಲ. ಮನೆಯವರ ಪಕ್ಕ ಬೆಂಚಿನ ಮೇಲೆ ಕೂತು, "ಕೊನೆಗೆ ಏನ್ ಮಾಡ್ತಿದ್ರು?" ಎನ್ನುತ್ತಿದ್ದರು. ಆರ್.ಟಿ. ನಗರದ ಅಜ್ಜಿಯರನ್ನು ತಮ್ಮ ಮನೆಮಾತು ದಖ್ಖನಿಯಲ್ಲೇ ಕೇಳುತ್ತಿದ್ದರು. ಸಂಜೆ ನಮಾಜಿಗೆ ಮುಂಚೆ ಚಹಾ ಕುಡಿದರು, ನಲ್ಲಿಯಲ್ಲಿ ನೀರು ಬಂದಾಗ ಕೊಡ ಹಿಡಿದಿದ್ದಳು, ಪೀಣ್ಯದಿಂದ ಶಿಫ್ಟ್ ಮುಗಿಸಿ ಬಂದು ಬೂಟು ಬಿಚ್ಚಿದ… ಇಂಥ ಮಾತಿನಿಂದಲೇ ಗಂಟೆ ಸಿಕ್ಕುತ್ತಿತ್ತು. ಹೀಗೆ ಅವರವರ ಮಾತಿನಲ್ಲಿ ಕೂತು ಕೇಳಿದರೆ ಹೆಚ್ಚು ಜನಕ್ಕೆ ಇಂಜೆಕ್ಷನ್ ಕೊಡಬಹುದೇ ಎಂಬುದೇ ಅವರ ಸಂಶೋಧನೆ.

ಅದಕ್ಕೆಂದು ತಂಡ ಕಟ್ಟಿದರು. ತಮಿಳು ಮನೆಮಾತಿನ ಆಂಬುಲೆನ್ಸ್ ಡ್ರೈವರಣ್ಣ, ತೆಲುಗಿನ ಫಿಸಿಯೋಥೆರಪಿ ಹುಡುಗಿ, ಬಾಗಲಗುಂಟೆಯ ಹಳೇ ಊರಿನವಳಾದ ನಾನು. ನರ್ಸಿಂಗ್ ಕಾಲೇಜಿನಲ್ಲಿ ನನ್ನ ಹಳ್ಳಿ ಮಾತನ್ನು ಆಡಿಕೊಂಡು ನಕ್ಕವರೇ ಎಲ್ಲ, ಅದಕ್ಕೆ ಮೇಡಂ ಮುಂದೆ ಪುಸ್ತಕದ ಕನ್ನಡ ಒದರುತ್ತಿದ್ದೆ. "ಸಿಸ್ಟರ್, ಮನೇಲಿ ನಿಮ್ಮಜ್ಜಿ ಹತ್ರ ಮಾತಾಡ್ದಂಗೆ ಮಾತಾಡ್ರೀ. ನಂಗೆ ಆ ಮಾತೇ ಬೇಕು" ಎಂದರು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ದಿನಾ ಬೆಳಿಗ್ಗೆ ಹಿಂದಿನ ದಿನದ ರೋಗಿಗಳ ಬಗ್ಗೆ ಮಾತು. ಮನೆಯವರನ್ನು ಮೊದಲು ಕಂಡವರು ಮೊದಲು ಮಾತಾಡಬೇಕು, ಡಾಕ್ಟರು ಕೊನೆಗೆ. ಒಮ್ಮೆ ಒಬ್ಬ ಚಿಕ್ಕ ಡಾಕ್ಟರು ಡ್ರೈವರಣ್ಣನ ಮಾತಿಗೆ ಅಡ್ಡ ಬಾಯಿ ಹಾಕಿದ. "ಪೇಷೆಂಟ್‌ನ ಮೊದ್ಲು ನೋಡಿದ್ದು ಅವ್ರು ಕಣ್ರೀ, ನೀವಲ್ಲ. ಸ್ವಲ್ಪ ತಡ್ಕೊಳ್ಳಿ" ಎಂದರು ಮೇಡಂ. ಹಾಗಂತ ಅವರೇನು ದೇವತೆಯಲ್ಲ. ಮೂಗಿನ ತುದಿಯಲ್ಲೇ ಕೋಪ. ನಿಂತುಕೊಂಡು ಮನೆಯವರನ್ನು ಮಾತಾಡಿಸಿದ್ದಕ್ಕೆ ಎಲ್ಲರೆದುರು ಬೈಸಿಕೊಂಡು ನಾನೂ ಅತ್ತಿದ್ದೇನೆ.

ಫಲಿತಾಂಶ ಚೆನ್ನಾಗಿ ಬಂತು. ಅಲ್ಲಿಯವರೆಗೆ ಆ ಬೆಂಚಿನ ಕಡೆ ತಲೆ ಹಾಕಿಯೂ ಮಲಗದಿದ್ದ ವಿಭಾಗದ ದೊಡ್ಡ ಡಾಕ್ಟರಿಗೆ ಆಗ ನಾವು ಕಣ್ಣಿಗೆ ಬಿದ್ದೆವು. ಇನ್ನಷ್ಟು ಆಸ್ಪತ್ರೆಗಳಲ್ಲಿ ಇದೇ ಕೆಲಸ ಮುಂದುವರಿಸುವುದೆಂದಾಯಿತು. ಮೇಡಂ ನಡೆಸುತ್ತಾರೆ ಎಂದು ನಾವೆಲ್ಲ ನಂಬಿದ್ದೆವು, ಅವರೂ ನಂಬಿದ್ದರು. ತಂಡದ ಗುಂಪು ಫೋಟೋ ತೆಗೆಸಿದರು. ತೆಗೆಯುವವನು, "ಮೇಡಂ, ಮುಂದೆ ಬನ್ನಿ, ಸ್ಕಾರ್ಫ್ ಚೆನ್ನಾಗಿ ಕಾಣ್ಲಿ" ಎಂದ. ಆ ಫೋಟೋದ ಕೆಳಗೆ 'ವೈವಿಧ್ಯವೇ ನಮ್ಮ ಶಕ್ತಿ' ಎಂದು ಬರೆಸಿ ಬಾಗಿಲಲ್ಲೇ ತೂಗುಹಾಕಿದರು. ಅದಾದ ಕೆಲವು ದಿನಕ್ಕೆ ಮೀಟಿಂಗ್ ಕರೆದು, ಮುಂದಿನ ಕೆಲಸ ದೊಡ್ಡ ಡಾಕ್ಟರ ಶಿಷ್ಯನೊಬ್ಬನಿಗೆ ಎಂದು ಹೇಳಿಬಿಟ್ಟರು.

ನಮ್ಮ ರೂಢಿಯಂತೆ ಡ್ರೈವರಣ್ಣನೇ ಮೊದಲು ಎದ್ದ. "ಮೇಡಂ ಇಲ್ದೆ ಇದು ಆಗಲ್ಲ ಸಾರ್" ಎಂದ. ನಾನೂ ಅದನ್ನೇ ಹೇಳಿದೆ. ದೊಡ್ಡ ಡಾಕ್ಟರು ನಕ್ಕರು. "ನಾವೆಲ್ಲ ಒಂದೇ ಟೀಮ್ ಅಲ್ವೇನ್ರಮ್ಮ? ಇದ್ರಲ್ಲಿ ಅವ್ರು ಇವ್ರು ಅಂತ ಏನಿದೆ?" ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು.

ಹೊಸಬರು ಬಂದು ಟ್ಯಾಬ್ ಕೊಟ್ಟರು. ಕೂತು ಮಾತಾಡುವುದು ಟೈಮ್ ವೇಸ್ಟ್ ಅಂತೆ. ಸಮಯ ಒತ್ತಿ, ಇಲ್ಲವೇ 'ಗೊತ್ತಿಲ್ಲ' ಒತ್ತಿ. ಯಾವುದು ಸುಲಭವೋ ಎಲ್ಲರೂ ಅದನ್ನೇ ಒತ್ತಿದರು. ಮೇಡಂ ಒಂದಷ್ಟು ತಿಂಗಳು ಜಗಳವಾಡಿ, ಕೊನೆಗೆ ಬಿಟ್ಟು ಕೋಲಾರದ ಕಡೆ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದರು. ನನ್ನನ್ನು ಮೇಲಿನ ಮಹಡಿಯ ವಾರ್ಡಿಗೆ ಹಾಕಿದರು. ಹೋದ ವರ್ಷ ಮೇಡಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಸ್ಪತ್ರೆಯವರು ಆ ಗುಂಪು ಫೋಟೋದಿಂದಲೇ ಅವರ ಮುಖ ಕತ್ತರಿಸಿ ಶ್ರದ್ಧಾಂಜಲಿ ಹಾಕಿದರು. ಮೂಲೆಯಲ್ಲಿ ಡ್ರೈವರಣ್ಣನ ಅರ್ಧ ಭುಜ ಉಳಿದುಕೊಂಡಿತ್ತು…

ಕಳೆದ ವಾರ ಯಾವುದೋ ಔಷಧಿಗೆಂದು ಕೆಳಗೆ ತುರ್ತು ವಿಭಾಗಕ್ಕೆ ಬಂದೆ. ವಿದ್ಯಾರಣ್ಯಪುರದ ಆಚೆಯ ಹಳ್ಳಿಯ ಮುದುಕರೊಬ್ಬರು ಲಕ್ವ ಹೊಡೆದು ಮಲಗಿದ್ದರು. ಹೆಂಡತಿ ಬೆಂಚಿನ ಮೇಲೆ ಒಬ್ಬರೇ. ಟ್ಯಾಬ್ ಹಿಡಿದ ಹುಡುಗಿ 'ಗೊತ್ತಿಲ್ಲ' ಒತ್ತಿ ಹೋಗಿ ಬಹಳ ಹೊತ್ತಾಗಿತ್ತು. ಪಕ್ಕ ಕೂತು, "ಕೊನೆಗೆ ಏನ್ ಮಾಡ್ತಿದ್ರಮ್ಮ?" ಎಂದೆ.

"ಅವರೆಕಾಯಿ ಸುಲೀತಾ ಕುಂತಿದ್ರು ಕಣವ್ವ. ಸ್ಕೂಲ್ ಬಸ್ ಬಂತು, ಮೊಮ್ಮಗಳನ್ನ ಇಳಿಸ್ಕೊಂಡ್ರು. ಚೆನ್ನಾಗೇ ಇದ್ರು."

ಬಸ್ಸು ಬರುವ ಹೊತ್ತು ಕೇಳಿಕೊಂಡು ಡ್ಯೂಟಿ ಡಾಕ್ಟರ ಹತ್ತಿರ ಓಡಿದೆ. ಅವರು ಲೆಕ್ಕ ಹಾಕಿದರು. ಕರೆತಂದಾಗ ಹೊತ್ತಿತ್ತು. ಇಲ್ಲಿ ಮಲಗಿದ್ದಾಗಲೇ ಮೀರಿಹೋಗಿತ್ತು. "ಈಗ ಕೊಡೋಕಾಗಲ್ಲ ಸಿಸ್ಟರ್" ಎಂದರು ಮೆಲ್ಲಗೆ.

ಮುದುಕರು ಉಳಿದಿದ್ದಾರೆ. ಬಲಗೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ನಿನ್ನೆ ನೋಡಲು ಹೋದಾಗ ಹೆಂಡತಿ ಗಂಡನ ಕೈ ತಿಕ್ಕುತ್ತಾ, "ಇಂಗೆ ಕೇಳೋರು ಮೊದ್ಲೇ ಯಾರೂ ಇರ್ಲಿಲ್ವೇನವ್ವ ಇಲ್ಲಿ?" ಎಂದರು.

"ಒಬ್ರು ಇದ್ರು ಅಮ್ಮ. ಕಳಿಸ್ಬಿಟ್ರು" ಎಂದೆ.

"ಎಲ್ಲಿಗೆ?" ಎಂದು ಕೇಳಿದರು.