ಅಡ್ಡ ಗುಣಿಸಿದ ವರ

ಸೈನ್, ಕಾಸ್‌ಗಳ ಲೆಕ್ಕದಲ್ಲಿ ನಮ್ಮ ಹಾನಗಲ್ಲಿನ ಹೈಸ್ಕೂಲಿನ ಗಣಿತದ ಮಾಸ್ತರರದು ಒಂದೇ ಕಟ್ಟಪ್ಪಣೆ. ಎಡಬದಿ ಬಲಬದಿಗೆ ಸಮ ಎಂದು ಸಾಧಿಸಬೇಕಾದಾಗ, ಒಂದೇ ಬದಿ ಹಿಡಿದು ಬಿಡಿಸುತ್ತ ಬಿಡಿಸುತ್ತ ಇನ್ನೊಂದಕ್ಕೆ ಬಂದು ಮುಟ್ಟಬೇಕು. ಎರಡೂ ಸಮ ಎಂದು ಮೊದಲೇ ಹಿಡಿದು ಆ ಕಡೆಯದನ್ನು ಈ ಕಡೆಗೆ ಎಳೆದರೆ, ಉತ್ತರದ ಮೇಲೆ ಉದ್ದಕ್ಕೆ ಗೀಟು ಹೊಡೆದು, "ಕೂಸು ಹುಟ್ಟೂ ಮೊದಲ ಕುಲಾವಿ ಹೊಲಸಬ್ಯಾಡ್ರಿ" ಎನ್ನುತ್ತಿದ್ದರು. ತರಗತಿಯಲ್ಲಿ ಹೆಚ್ಚಿನ ಗಣಿತ ತೆಗೆದುಕೊಂಡ ಹುಡುಗಿ ನಾನೊಬ್ಬಳೇ. ದಿನಾ ಅಕ್ಕಿಆಲೂರಿನಿಂದ ಬಸ್ಸಿನಲ್ಲಿ ಹೋಗುವಾಗಲೂ ತೊಡೆಯ ಮೇಲೆ ಬಳಪದ ಪಾಟಿ ಇಟ್ಟುಕೊಂಡು ಇವೇ ಲೆಕ್ಕ ಮಾಡುತ್ತಿದ್ದೆ. ಮಾರುದ್ದದ ಲೆಕ್ಕ ಕರಗಿ ಕರಗಿ ಬೇಕಾದದ್ದೇ ಉಳಿದಾಗ ಹೊಟ್ಟೆ ತುಂಬಿದಷ್ಟು ಖುಷಿಯಾಗುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮ್ಯಾಟ್ರಿಕ್. ದೀಪಾವಳಿ ಮುಗಿಯುತ್ತಲೇ ರಟ್ಟೀಹಳ್ಳಿಯವರು ಹೆಣ್ಣು ನೋಡಲು ಬರುತ್ತಾರೆಂದು ಅಪ್ಪ ಹೇಳಿದ. ಹುಡುಗ ಶಿಗ್ಗಾವಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಂತೆ. ಮಾಘದಲ್ಲೇ ಮದುವೆಯಾಗಬೇಕಂತೆ. ಮಾಘವೆಂದರೆ ಪರೀಕ್ಷೆಗೆ ಮೊದಲು. ಮದುವೆಯಾದವಳನ್ನು ಬಸ್ಸು ಹತ್ತಿಸಿ ಪರೀಕ್ಷೆಗೆ ಕಳಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

"ನಾ ಪರೀಕ್ಷಾ ಬರೀಬೇಕು" ಎಂದೆ.

"ಹುಡುಗ ಗಣಿತದ ಮಾಸ್ತರ ಅದಾನ. ಮನ್ಯಾಗ ಕುಂತ ಎಷ್ಟ ಬೇಕಷ್ಟ ಲೆಕ್ಕ ಮಾಡುವಂತಿ" ಎಂದಳು ಅವ್ವ. ನನಗೆ ಸಿಟ್ಟು ನೆತ್ತಿಗೇರಿತು.

ಅವರು ಬಂದರು. ಜಮಖಾನದ ಮೇಲೆ ಕುಳಿತು ಉಪ್ಪಿಟ್ಟು ತಿಂದರು. ಹುಡುಗನ ತಾಯಿಯ ಪಕ್ಕದಲ್ಲಿ ಸೀರೆ, ಕುಪ್ಪಸ, ಕೊಬ್ಬರಿ ಬಟ್ಟಲು ಇಟ್ಟ ತಟ್ಟೆ ಸಿದ್ಧವಾಗಿತ್ತು. ಹೆಣ್ಣು ಒಪ್ಪಿಗೆಯಾದರೆ ಉಡಿ ತುಂಬಿ ಗಟ್ಟಿ ಮಾಡಿಕೊಂಡು ಹೋಗುವುದು ಪದ್ಧತಿ. ನನ್ನನ್ನು ಕರೆಯುವ ಮೊದಲೇ ಅಪ್ಪ ಮತ್ತು ಹುಡುಗನ ತಂದೆ ಮಾಘದ ಯಾವ ಮುಹೂರ್ತ ಅನುಕೂಲ ಎಂಬ ಮಾತಿಗೆ ಬಂದುಬಿಟ್ಟಿದ್ದರು.

ಆಗೆಲ್ಲ ಹುಡುಗಿಯ ಕೈಬರಹ ನೋಡುತ್ತಿದ್ದರು. "ಏನರ ಬರದ ತೋರಸವಾ" ಎಂದರು ಹುಡುಗನ ತಂದೆ. ಎಲ್ಲರೂ ದೇವರ ಹೆಸರು ಬರೆಯುವುದು ರೂಢಿ. ನಾನು ಪಾಟಿಯ ಮೇಲೆ ಮರುದಿನದ ಲೆಕ್ಕ ಬರೆದೆ: ಒಂದು ಕೂಡಿಸು ಸೈನ್ ಥೀಟಾ, ಅದರ ಕೆಳಗೆ ಕಾಸ್ ಥೀಟಾ, ಇದು, ಕಾಸ್ ಥೀಟಾದ ಕೆಳಗೆ ಒಂದು ಕಳೆ ಸೈನ್ ಥೀಟಾ ಇದ್ದುದಕ್ಕೆ ಸಮ ಎಂದು ಸಾಧಿಸಿರಿ.

ತಂದೆಯ ಕೈಯಿಂದ ಪಾಟಿ ಮಗನ ಕೈಗೆ ಹೋಯಿತು. ಗಣಿತದವರಿಗೆ ಲೆಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಳಪ ಬೇಡಿ ತೆಗೆದುಕೊಂಡು, ಸರಸರನೆ ಎರಡೂ ಬದಿ ಅಡ್ಡ ಗುಣಿಸಿ, "ಎರಡೂ ಕಡೆ ಕಾಸ್ ವರ್ಗ. ಮುಗೀತು" ಎಂದು ಪಾಟಿ ಮರಳಿಸಿದರು.

"ಹಂಗ ಮಾಡಾಕ ಬರೂದಿಲ್ರಿ" ಎಂದೆ.

ಅಡಿಗೆಮನೆಯ ಬಾಗಿಲಲ್ಲಿ ಅವ್ವ ಹಣೆ ಹಣೆ ಬಡಿದುಕೊಳ್ಳುವುದು ಕಂಡಿತು. ಆದರೆ ಬಾಯಿ ನಿಲ್ಲಬೇಕಲ್ಲ. "ಸಮ ಅದಾವ ಅಂತ ಇನ್ನೂ ಸಿದ್ಧ ಆಗಿಲ್ರಿ. ನೀವು ಆಗೇತಿ ಅಂತ ಹಿಡದ ಅಡ್ಡ ಗುಣಿಸಿದ್ರಿ. ನಮ್ಮ ಮಾಸ್ತರ ಇದಕ್ಕ ಕೂಸು ಹುಟ್ಟೂ ಮೊದಲ ಕುಲಾವಿ ಹೊಲಸೂದು ಅಂತಾರ್ರಿ."

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣೇ ಕೂಸಿನ ಮಾತೆತ್ತಿದ್ದು! ಅಪ್ಪನ ಕೈಯಲ್ಲಿನ ಚಹಾ ಬಸಿಯಲ್ಲೇ ಉಳಿಯಿತು. ಹುಡುಗ ಮಾತ್ರ ಪಾಟಿಯನ್ನು ಮತ್ತೆ ಎಳೆದುಕೊಂಡು ದಿಟ್ಟಿಸಿದರು. ಕಿವಿ ಕೆಂಪಾಯಿತು, ಆಮೇಲೆ ನಗು ಬಂತು. ಅಂಗಿಯ ತೋಳಿನಿಂದಲೇ ಒರೆಸಿ, ಎಡಬದಿಯೊಂದನ್ನೇ ಹಿಡಿದು, ಮೇಲೂ ಕೆಳಗೂ ಒಂದು ಕಳೆ ಸೈನ್ ಥೀಟಾದಿಂದ ಗುಣಿಸಿ, ಕ್ರಮವಾಗಿ ಬಲಬದಿಗೆ ಬಂದು ಮುಟ್ಟಿದರು.

"ಈಗರೀ?" ಎಂದರು.

"ಈಗ ಬರೋಬರಿ ಆತ್ರಿ."

"ನಿಮ್ಮ ಪರೀಕ್ಷಾ ಯಾವಾಗ?"

"ಮಾರ್ಚ್‌ದಾಗರಿ."

"ಬರೀಬೇಕಂತ ಐತೇನು?"

ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಹೌದೆಂದು ಗೋಣು ಹಾಕಿದೆ.

ಅವರು ತಂದೆಯ ಕಡೆ ತಿರುಗಿದರು. "ಅಪ್ಪಾ, ನಾವೂ ಅದನ್ನ ಮಾಡಾಕತ್ತೇವಿ. ಇಕಿ ಒಪ್ಪ್ಯಾಳ ಅಂತ ಹಿಡದ ಮುಹೂರ್ತ ತಗಸಾಕತ್ತೇವಿ. ಪರೀಕ್ಷಾ ಮುಗೀಲಿ, ಮತ್ತ ಬರೂಣು."

ಹುಡುಗನ ತಾಯಿ ಮುಖ ಊದಿಸಿಕೊಂಡು ಸೀರೆಯನ್ನು ಚೀಲಕ್ಕೆ ಹಾಕಿದರು. ಅವರು ಹೋದ ಮೇಲೆ ಅವ್ವ ನನ್ನ ಜೊತೆ ವಾರಗಟ್ಟಲೆ ಮಾತಾಡಲಿಲ್ಲ.

ಪರೀಕ್ಷೆ ಬರೆದೆ. ವೈಶಾಖದಲ್ಲಿ ಅವರು ಮತ್ತೆ ಬಂದರು. ಅದೇ ಜಮಖಾನ, ಅದೇ ಉಪ್ಪಿಟ್ಟು, ಮಡಿಕೆಯ ಗೆರೆ ಬಿದ್ದ ಅದೇ ಸೀರೆ. ಹುಡುಗನ ತಾಯಿ ತಟ್ಟೆ ಎತ್ತಿಕೊಂಡು ಎದ್ದವರು ನನ್ನ ಮುಂದೆ ಬಂದು ನಿಂತುಬಿಟ್ಟರು. ಒಮ್ಮೆ ಮಗನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಉಡಿ ತುಂಬಲೇನವಾ?"

"ತುಂಬ್ರಿ" ಎಂದು ಸೆರಗು ಒಡ್ಡಿದೆ.